ಹಳೆಯ ಜೀಪಿನ ಸಂಸಾರ

ಹೊಸ ವಾಹನವನ್ನು ಕೊಳ್ಳುವವನಿಗೆ ಹಣವೊಂದಿದ್ದರೆ ಸಾಕು. ಹಳೆಯ ವಾಹನವನ್ನು ಕೊಳ್ಳುವವನಿಗೆ ಹಣ ಮಾತ್ರ ಸಾಲದು. ತಾಳ್ಮೆ ಬೇಕು, ತಿಳಿದವರ ಮಾತನ್ನು ಕೇಳುವ ಕಿವಿ ಬೇಕು, ಸಮಯ ಬಂದಾಗ ನೆಲದ ಮೇಲೆ ಅಂಗಾತ ಮಲಗಿ ಅದರ ಹೊಟ್ಟೆಯನ್ನು ನೋಡುವಷ್ಟು ವಿನಯವೂ ಬೇಕು. ಹೊಸ ವಾಹನವು ಮನೆಗೆ ಬಂದ ಅತಿಥಿಯಂತೆ ಕೆಲವು ವರ್ಷ ಯಾವ ತಕರಾರೂ ಇಲ್ಲದೆ ಇದ್ದುಬಿಡುತ್ತದೆ. ಹಳೆಯದು ಮನೆಯ ಹಿರಿಯರಿದ್ದಂತೆ. ಅದಕ್ಕೆ ಬೆಳಗಿನ ಕೆಮ್ಮುಂಟು, ಮಳೆಗಾಲದ ಕೀಲುನೋವುಂಟು; ಹೊತ್ತುಹೊತ್ತಿಗೆ ಔಷಧೋಪಚಾರ ನಡೆಯಬೇಕು. ನಡೆಸಿಕೊಂಡರೆ ಇಡೀ ಸಂಸಾರವನ್ನು ಹೊತ್ತು ಸಾಗಿಸುತ್ತದೆ. ಉಪೇಕ್ಷೆ ಮಾಡಿದರೆ ಮುನಿಯುತ್ತದೆ. ಆ ಮುನಿಸು ತೋರುವುದು ಮನೆಯ ಅಂಗಳದಲ್ಲಲ್ಲ, ನಡುದಾರಿಯಲ್ಲಿ.

ಮೈಸೂರಿನ ಗೃಹಸ್ಥರೊಬ್ಬರು ಈ ಸತ್ಯವನ್ನು ಅನುಭವದಿಂದ ಕಲಿತರು. ಅವರು ಬ್ಯಾಂಕೊಂದರಲ್ಲಿ ಅಧಿಕಾರಿಗಳು. ಪರರ ಸಾಲದ ಕಾಗದಗಳನ್ನು ಮೂರು ಸಲ ತಿರುವಿ ನೋಡುವವರು. ಆದರೆ ವಾಹನದ ವಿಷಯದಲ್ಲಿ ಬೀಗದ ಕೈಯನ್ನು ತಿರುಗಿಸುವುದರಿಂದಾಚೆಗೆ ಅವರ ಜ್ಞಾನ ಹೋಗಿರಲಿಲ್ಲ. ಪತ್ನಿಯ ತವರು ಮೂಡಿಗೆರೆಯ ಸೀಮೆಯಲ್ಲಿ. ಎಂಟು ಎಕರೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಹಂಚಿನ ಹಳೆಯ ಮನೆ. 2021ರಲ್ಲಿ ಮಾವನವರು ತೀರಿಕೊಂಡರು. ಎಪ್ಪತ್ತು ದಾಟಿದ ಅತ್ತೆಯವರು ಆ ಮನೆಯನ್ನು ಬಿಟ್ಟು ಮೈಸೂರಿಗೆ ಬರಲು ಏನು ಮಾಡಿದರೂ ಒಪ್ಪಲಿಲ್ಲ.

ತೊಡಕಿದ್ದದ್ದು ದಾರಿಯಲ್ಲಿ. ಟಾರು ರಸ್ತೆಯಿಂದ ಮನೆಯವರೆಗೆ ಎರಡೂವರೆ ಕಿಲೋಮೀಟರು ಮಣ್ಣಿನ ದಾರಿ. ಅದೂ ಏರು, ತಿರುವು, ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಕಾರು ಹೇಗೋ ತೆವಳಿಕೊಂಡು ಹೋಗುತ್ತಿತ್ತು. ಮೃಗಶಿರಾ ಮಳೆ ಹಿಡಿಯಿತೆಂದರೆ ಕಾರನ್ನು ಟಾರಿನ ಅಂಚಿನಲ್ಲಿ ಬಿಟ್ಟು, ಕೊಡೆ ಬಿಚ್ಚಿ, ಇಂಬಳಗಳಿಗೆ ರಕ್ತದಾನ ಮಾಡುತ್ತ ನಡೆಯಬೇಕಾಗಿತ್ತು. ರಾತ್ರಿ ಹೊತ್ತಿನಲ್ಲಿ ಅತ್ತೆಯವರಿಗೆ ಏನಾದರೂ ಆದರೆ ಆಸ್ಪತ್ರೆಗೆ ಸಾಗಿಸುವುದು ಹೇಗೆ? ಈ ಒಂದು ಪ್ರಶ್ನೆ ದಂಪತಿಗಳ ನಿದ್ದೆಯನ್ನು ಕೆಡಿಸಿತು. ಕೊನೆಗೆ, ಹಳೆಯದಾದರೂ ಸರಿ, ಒಂದು ಜೀಪನ್ನು ಕೊಂಡು ತೋಟದ ಮನೆಯಲ್ಲಿಡುವುದೆಂದು ತೀರ್ಮಾನವಾಯಿತು.

ಜೀಪಿಗೂ ಮಲೆನಾಡಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಅದು ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೈನ್ಯವು ದಾರಿಯಿಲ್ಲದ ಕಡೆಯಲ್ಲಿಯೂ ಓಡಬಲ್ಲ ಹಗುರವಾದ ವಾಹನವೊಂದನ್ನು ಬಯಸಿತು. ಬ್ಯಾಂಟಮ್ ಎಂಬ ಸಣ್ಣ ಕಂಪೆನಿ ಮೊದಲ ಮಾದರಿಯನ್ನು ತಯಾರಿಸಿಕೊಟ್ಟಿತು. ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿ ಹೊರಗೆ ಕಳಿಸಿದುವು. ನಮ್ಮ ದೇಶದಲ್ಲಿ 1945ರಲ್ಲಿ ಸ್ಥಾಪನೆಯಾದ ಮಹೀಂದ್ರ ಸಂಸ್ಥೆ, ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸುವ ಉದ್ಯಮಕ್ಕೆ ಕೈ ಹಾಕಿತು. ಫಿರಂಗಿಯನ್ನೆಳೆಯಲು ಹುಟ್ಟಿದ ವಾಹನ ಹೀಗೆ ಗೊಬ್ಬರದ ಮೂಟೆಯನ್ನು, ಕಾಫಿಯ ಚೀಲವನ್ನು, ಶಾಲೆಯ ಮಕ್ಕಳನ್ನು, ಮದುವೆಯ ದಿಬ್ಬಣವನ್ನು ಹೊರುವ ಸಾಧುಪ್ರಾಣಿಯಾಯಿತು. ಇಂದಿಗೂ ಕೊಡಚಾದ್ರಿಗೆ, ಕೊಡಗಿನ ಮಾಂದಲ್‌ಪಟ್ಟಿಗೆ ಯಾತ್ರಿಕರನ್ನು ಹತ್ತಿಸುವುದು ಜೀಪುಗಳೇ.

ನೋಡಲು ಎರಡು ಜೀಪುಗಳು ದೊರೆತುವು. ಮೊದಲನೆಯದು ಚಿಕ್ಕಮಗಳೂರಿನಲ್ಲಿ. ಹಣ್ಣು ಮೆಣಸಿನಕಾಯಿಯ ಕೆಂಪು ಬಣ್ಣ, ಅಗಲವಾದ ದಪ್ಪ ಟೈರುಗಳು, ತಲೆಯ ಮೇಲೆ ನಾಲ್ಕು ದೀಪ, ಊರನ್ನೇ ಎಬ್ಬಿಸುವ ಹಾರನ್ನು. ಎರಡನೆಯದು ಕೊಟ್ಟಿಗೆಹಾರದ ಹತ್ತಿರ ವೃದ್ಧ ಬೆಳೆಗಾರರೊಬ್ಬರ ಕೊಟ್ಟಿಗೆಯಲ್ಲಿತ್ತು. 1994ರ ಡೀಸೆಲ್ ಜೀಪು. ಹಸುರು ಬಣ್ಣ ಪಾಚಿಯಂತೆ ಮಾಸಿತ್ತು. ಕ್ಯಾನ್‌ವಾಸಿನ ಹೊದಿಕೆಗೆ ಎರಡು ಕಡೆ ತೇಪೆ. ಗೃಹಸ್ಥರ ಮನಸ್ಸು ಕೆಂಪಿನ ಕಡೆಗೇ ವಾಲಿತೆಂದು ಬೇರೆ ಹೇಳಬೇಕಾಗಿಲ್ಲ. ಕಾಲೇಜಿನಲ್ಲಿ ಓದುವ ಮಗಳೂ ತಂದೆಯ ಪಕ್ಷವೇ. ಅದೃಷ್ಟವಶಾತ್, ಮಾವನವರ ಕಾಲದಿಂದ ಪರಿಚಯವಿದ್ದ ಮೂಡಿಗೆರೆಯ ಗ್ಯಾರೇಜಿನ ಮೇಸ್ತ್ರಿಯನ್ನು ಜೊತೆಗೆ ಕರೆದೊಯ್ಯುವ ಬುದ್ಧಿ ಪತ್ನಿಗೆ ಹೊಳೆಯಿತು.

ಮೇಸ್ತ್ರಿ ಕೆಂಪು ಜೀಪಿನ ಮುಂದೆ ನಿಂತು ಮೊದಲು ಮಾಡಿದ ಕೆಲಸವೆಂದರೆ ಬಾನೆಟ್ಟಿನ ಮೇಲೆ ಅಂಗೈಯಿಟ್ಟದ್ದು. ಅದು ಬೆಚ್ಚಗಿತ್ತು. ಬೆಳಗ್ಗೆ ಏಳು ಗಂಟೆಗೆ ಬರುತ್ತೇವೆ, ಅಲ್ಲಿಯವರೆಗೆ ಚಾಲೂ ಮಾಡಬೇಡಿ ಎಂದು ಮೊದಲೇ ತಿಳಿಸಿತ್ತು. ತಣ್ಣಗಿರುವ ಎಂಜಿನ್ನು ಎಷ್ಟು ಕಷ್ಟಪಟ್ಟು ಏಳುತ್ತದೆ, ಎದ್ದ ಮೇಲೆ ಎಂತಹ ಹೊಗೆಯನ್ನು ಉಗುಳುತ್ತದೆ ಎಂಬುದೇ ಅದರ ಆರೋಗ್ಯದ ಮೊದಲ ಸಾಕ್ಷಿ. ನೀಲಿ ಹೊಗೆ ಬಂದರೆ ಒಳಗೆ ಎಂಜಿನ್ ಎಣ್ಣೆ ಉರಿಯುತ್ತಿದೆಯೆಂದು ಅರ್ಥ. ಮುಂಚೆಯೇ ಬಿಸಿ ಮಾಡಿಟ್ಟವರು ಆ ಸಾಕ್ಷಿಯನ್ನು ಅಳಿಸಿಟ್ಟಂತೆಯೇ. ಮೇಸ್ತ್ರಿ ಏನನ್ನೂ ಆಡಲಿಲ್ಲ. ಎಂಜಿನ್ನು ಓಡುತ್ತಿರುವಾಗಲೇ ಎಣ್ಣೆ ತುಂಬುವ ಮುಚ್ಚಳವನ್ನು ತೆಗೆದು ತೋರಿಸಿದರು. ಅಲ್ಲಿಂದ ಹುಕ್ಕದಂತೆ ಬುಸುಬುಸು ಹೊಗೆ ಎದ್ದಿತು. ಸ್ಟೀರಿಂಗ್ ಚಕ್ರವನ್ನು ಕಾಲು ಸುತ್ತು ತಿರುಗಿಸಿದರು. ಮುಂದಿನ ಗಾಲಿಗಳು ಅಲುಗಲಿಲ್ಲ. ಟೈರಿನ ಬದಿಯಲ್ಲಿದ್ದ ನಾಲ್ಕು ಅಂಕೆಗಳನ್ನು ಮಗಳಿಗೆ ಓದಲು ಹೇಳಿದರು. 1213 ಎಂದಿತ್ತು; ಎಂದರೆ 2013ನೆಯ ಇಸವಿಯ ಹನ್ನೆರಡನೆಯ ವಾರದಲ್ಲಿ ಮಾಡಿದ ಟೈರು. ಹಲ್ಲು ಸವೆದಿರಲಿಲ್ಲ, ಆದರೆ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಕೊನೆಗೆ ಕೆಳಗೆ ನುಸುಳಿ, ಹೊಸದಾಗಿ ಕಪ್ಪು ಬಳಿದಿದ್ದ ಚಾಸಿಯ ಉದ್ದಪಟ್ಟಿಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಬಂದರು. ಒಂದು ಕಡೆ ಗಂಟೆಯಂತೆ ಕೇಳಬೇಕಾದ ಸದ್ದು ಮಡಕೆಯಂತೆ ಕೇಳಿಸಿತು. ತುಕ್ಕಿನ ಚಕ್ಕೆಗಳು ಅವರ ಎದೆಯ ಮೇಲೆ ಉದುರಿದುವು.

ಹೊರಗೆ ಬಂದು ಅಂಗಿ ಕೊಡವಿಕೊಳ್ಳುತ್ತ ಮೇಸ್ತ್ರಿ ಹೇಳಿದರು: "ಬಣ್ಣ ಬೇಕಾದರೆ ಅಂಗಡಿಯಲ್ಲಿ ಡಬ್ಬಿ ಸಿಗುತ್ತೆ ಸಾರ್. ಜೀಪು ಬೇಕಾದರೆ ಬಗ್ಗಿ ನೋಡಬೇಕು."

ಹಸುರು ಜೀಪಿನ ಪರೀಕ್ಷೆಯೂ ಇದೇ ಕ್ರಮದಲ್ಲಿ ನಡೆಯಿತು. ಅದು ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಎದ್ದಿತು. ಚಾಸಿ ಗಟ್ಟಿಯಾಗಿತ್ತು. ನಾಲ್ಕು ಗಾಲಿಗೂ ಶಕ್ತಿಯನ್ನು ಹಂಚುವ ಪೆಟ್ಟಿಗೆಯ ತಳದಲ್ಲಿ ಎಣ್ಣೆಯ ಹನಿಯೊಂದು ತೂಗಾಡುತ್ತಿತ್ತು. ಗೃಹಸ್ಥರು ಅದನ್ನು ಬೆರಳಿಟ್ಟು ತೋರಿಸಿದಾಗ ಮೇಸ್ತ್ರಿ ನಕ್ಕು, "ಸೋರದ ಹಳೇ ಜೀಪು ಕಂಡರೆ ಒಳಗೆ ಎಣ್ಣೆಯೇ ಇಲ್ಲ ಅಂತ ತಿಳೀಬೇಕು ಸಾರ್" ಎಂದರು. ಬೆಳೆಗಾರರು ಮಾರಲು ಕಾರಣವನ್ನೂ ಮುಚ್ಚಿಡಲಿಲ್ಲ. "ನನಗೆ ಕಣ್ಣು ಮಂದ ಆಯ್ತು ಮಾರಾಯ್ರೆ. ಇನ್ನು ನಾನು ಓಡಿಸಿದರೆ ಇದಕ್ಕೂ ಕಷ್ಟ, ಊರಿಗೂ ಕಷ್ಟ." ಹೀಗೆಂದು ಒಳಗೆ ಹೋಗಿ, ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದುಕೊಟ್ಟರು. 1994ರಿಂದ ಆ ಜೀಪಿಗೆ ಯಾವಾಗ ಎಣ್ಣೆ ಬದಲಾಯಿಸಿತು, ಯಾವ ಭಾಗ ಹಾಕಿಸಿತು, ಎಷ್ಟು ಖರ್ಚಾಯಿತು, ಎಲ್ಲವೂ ದುಂಡಗಿನ ಅಕ್ಷರಗಳಲ್ಲಿ ದಾಖಲಾಗಿತ್ತು. "ಜೀಪಿಗಿಂತ ಇದು ಮುಖ್ಯ. ಓದಿ" ಎಂದರು ಹಿರಿಯರು. ಗೃಹಸ್ಥರು ವಂದಿಸಿ ಪುಸ್ತಕವನ್ನು ತೆಗೆದುಕೊಂಡರು. ಓದಿದರೆ ಎಂಬುದು ಬೇರೆಯ ಪ್ರಶ್ನೆ.

ಕಾಗದಪತ್ರಗಳ ವಿಷಯ ಬಂದಾಗ ಬ್ಯಾಂಕಿನ ಅಧಿಕಾರಿಗಳಿಗೆ ತಮ್ಮ ಮನೆಗೆ ಬಂದಂತಾಯಿತು. ಚಾಸಿಯ ಮೇಲೆ ಕೊರೆದ ಸಂಖ್ಯೆಯ ಮೇಲೆ ಕಾಗದವನ್ನಿಟ್ಟು ಪೆನ್ಸಿಲಿನಿಂದ ಉಜ್ಜಿ, ಮೂಡಿದ ಅಂಕೆಗಳನ್ನು ಆರ್.ಸಿ. ಪುಸ್ತಕದೊಡನೆ ಒಂದೊಂದಾಗಿ ತಾಳೆ ನೋಡಿದರು. ಸ್ವಂತ ಬಳಕೆಯ ವಾಹನದ ನೋಂದಣಿ ಮೊದಲು ಹದಿನೈದು ವರ್ಷಕ್ಕೆ ಊರ್ಜಿತ. ಆಮೇಲೆ ವಾಹನವನ್ನು ಸಾರಿಗೆ ಕಚೇರಿಯಲ್ಲಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಿರಿಯರು ಅದನ್ನು 2009, 2014, 2019 ಎಂದು ತಪ್ಪದೆ ಮಾಡಿಸಿದ್ದರು. ಕೆಂಪು ಜೀಪಿನ ದಲ್ಲಾಳಿ ಮಾತ್ರ, "ಹೆಸರು ಆಮೇಲೆ ಬದಲಾಯಿಸಿಕೊಂಡರಾಯಿತು, ಮೊದಲು ಓಡಿಸಿ" ಎಂದಿದ್ದ. ಈ 'ಆಮೇಲೆ' ಎಂಬ ಪದದಿಂದ ಎಷ್ಟು ಮನೆಗಳು ಹಾಳಾಗಿವೆಯೋ! ಒಂದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂಬುದು ಕಾನೂನು. ಅದಕ್ಕೆಂದೇ 29 ಮತ್ತು 30ನೆಯ ನಮೂನೆಗಳಿವೆ. ಜೀಪು ಮಾರಿ ಹಣ ಎಣಿಸಿಕೊಂಡರೂ ದಾಖಲೆಯಲ್ಲಿ ಹೆಸರು ಹಾಗೆಯೇ ಉಳಿದಿದ್ದರೆ, ಅಪಘಾತದ ಪರಿಹಾರದ ಹೊಣೆ ಆ ಹೆಸರಿನವನ ಮೇಲೆಯೇ ಬೀಳುತ್ತದೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ. ಇಬ್ಬರೂ ಒಂದೇ ದಿನ ಕಚೇರಿಗೆ ಹೋಗಿ ರುಜು ಹಾಕಿದರು. 2022ರ ಮಾರ್ಚಿಯಲ್ಲಿ ಹಸುರು ಜೀಪು ತೋಟದ ಮನೆಗೆ ಬಂದಿತು.

ಮೊದಲ ಪಾಠವನ್ನೂ ಮೇಸ್ತ್ರಿಯೇ ಹೇಳಿಕೊಟ್ಟರು. ಇಂತಹ ಜೀಪಿನಲ್ಲಿ ಸಾಮಾನ್ಯ ಗೇರಿನ ಕೋಲಿನ ಪಕ್ಕದಲ್ಲಿ ಗಿಡ್ಡನೆಯ ಕೋಲುಗಳುಂಟು. ಅವುಗಳ ಕೆಲಸ ಎರಡು: ಹಿಂದಿನ ಗಾಲಿಗಳೊಡನೆ ಮುಂದಿನ ಗಾಲಿಗಳನ್ನೂ ದುಡಿಮೆಗೆ ಹೂಡುವುದು, ವೇಗವನ್ನು ತಗ್ಗಿಸಿ ಬಲವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸುವುದು. ನಾಲ್ಕು ಗಾಲಿಗಳೂ ದುಡಿಯುವುದಾದರೆ ಯಾವಾಗಲೂ ಹಾಗೆಯೇ ಓಡಿಸಬಾರದೇಕೆ ಎಂದು ಹೊಸಬನಿಗೆ ತೋರುವುದು ಸಹಜ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರವನ್ನು ಕ್ರಮಿಸಬೇಕಾಗುತ್ತದೆ. ಆದರೆ ಕೋಲನ್ನು ಎಳೆದೊಡನೆ ಎರಡು ಅಚ್ಚುಗಳೂ ಒಂದೇ ನೊಗಕ್ಕೆ ಕಟ್ಟಿದಂತೆ ಒಂದೇ ಲೆಕ್ಕದಲ್ಲಿ ತಿರುಗತೊಡಗುತ್ತವೆ. ಕೆಸರಿನಲ್ಲಿ ಗಾಲಿ ಸ್ವಲ್ಪ ಜಾರಿ ಆ ಹೆಚ್ಚುಕಡಿಮೆಯನ್ನು ಸರಿದೂಗಿಸಿಕೊಳ್ಳುತ್ತದೆ. ಒಣಗಿದ ಟಾರಿನ ಮೇಲೆ ಜಾರುವುದಕ್ಕೆ ಎಡೆಯಿಲ್ಲ. ಸೆಳೆತವೆಲ್ಲ ಶಾಫ್ಟುಗಳ ಮೇಲೆ, ಹಲ್ಲುಗಾಲಿಗಳ ಮೇಲೆ ಬಿದ್ದು ಅವು ನಲುಗುತ್ತವೆ. ಆದ್ದರಿಂದ ನಾಲ್ಕು ಗಾಲಿಯ ಬಲ ಕೆಸರಿಗೆ, ಟಾರಿಗೆ ಎರಡೇ ಸಾಕು.

ಆ ವರ್ಷದ ಮಳೆಗಾಲ ಜೀಪಿನ ಯೋಗ್ಯತೆಯನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಆಗಸ್ಟಿನ ಒಂದು ರಾತ್ರಿ, ಆಶ್ಲೇಷಾ ಮಳೆ ಹಂಚನ್ನು ಬಡಿಯುತ್ತಿದ್ದಾಗ, ಅತ್ತೆಯವರಿಗೆ ಉಸಿರಾಟ ಕಷ್ಟವಾಯಿತು. ರಜೆಗೆಂದು ದಂಪತಿಗಳು ಅಲ್ಲಿಯೇ ಇದ್ದರು. ಗಿಡ್ಡ ಕೋಲುಗಳನ್ನು ಎಳೆದು, ಮೊದಲ ಗೇರಿನಲ್ಲಿ, ಮೊಣಕಾಲುದ್ದದ ನೀರು ಹರಿಯುತ್ತಿದ್ದ ಹಳ್ಳವನ್ನು ನಡಿಗೆಯ ವೇಗದಲ್ಲಿ ದಾಟಿ, ಒಂದು ಗಂಟೆಯೊಳಗೆ ಮೂಡಿಗೆರೆಯ ಆಸ್ಪತ್ರೆಯನ್ನು ಮುಟ್ಟಿದರು. ನೀರಿನಿಂದ ಎದ್ದ ಮೇಲೆ ಬ್ರೇಕನ್ನು ಮೆಲ್ಲಗೆ ಅದುಮಿಕೊಂಡೇ ಸ್ವಲ್ಪ ದೂರ ಓಡಿಸಬೇಕು, ಆ ಬಿಸಿಗೆ ಒಳಗಿನ ನೀರು ಆರುತ್ತದೆ ಎಂದು ಮೇಸ್ತ್ರಿ ಕಲಿಸಿದ್ದು ಅಂದು ಉಪಯೋಗಕ್ಕೆ ಬಂದಿತು. ಅತ್ತೆಯವರು ನಾಲ್ಕು ದಿನದಲ್ಲಿ ಗುಣವಾಗಿ ಮನೆಗೆ ಬಂದರು. ಆ ಹೊತ್ತಿನಿಂದ ಗೃಹಸ್ಥರಿಗೆ ಜೀಪಿನ ಮೇಲೆ ಹುಟ್ಟಿದ ಪ್ರೀತಿ ಅಷ್ಟಿಷ್ಟಲ್ಲ.

ಪ್ರೀತಿ ಹೆಚ್ಚಾದಾಗ ಮನುಷ್ಯ ಮೊದಲು ಮಾಡುವುದು ಅಲಂಕಾರವನ್ನು. ನವರಾತ್ರಿ ಹತ್ತಿರವಾಗುತ್ತಿತ್ತು. ಆಯುಧಪೂಜೆಗೆ ಜೀಪು ಕಳೆಕಳೆಯಾಗಿ ನಿಲ್ಲಬೇಕೆಂದು ಅವರು ಮೂವತ್ತೈದು ಸಾವಿರ ರೂಪಾಯಿ ಖರ್ಚು ಮಾಡಿ ಹೊಸ ಹಸುರು ಬಣ್ಣ ಹೊಡೆಸಿದರು, ಹೊಸ ಹೊದಿಕೆ ಹೊಲಿಸಿದರು, ಕೆಂಪು ಜೀಪಿನಲ್ಲಿ ಕಂಡಿದ್ದಂತಹ ಹಾರನ್ನೊಂದನ್ನೂ ಹಾಕಿಸಿದರು. ಸೆಪ್ಟೆಂಬರಿನಲ್ಲಿ ಒಂದು ದಿನ ಬಾನೆಟ್ಟನ್ನು ಎತ್ತಿದಾಗ ಬ್ರೇಕ್ ಎಣ್ಣೆಯ ಪಾತ್ರೆಯಲ್ಲಿ ಮಟ್ಟ ಇಳಿದಿದ್ದುದು ಅವರ ಕಣ್ಣಿಗೆ ಬಿದ್ದಿತು. ಅಂಗಡಿಯಿಂದ ಸೀಸೆ ತಂದು ತುಂಬಿಸಿದರು. ಹದಿನೈದು ದಿನಗಳ ಮೇಲೆ ಮತ್ತೆ ಇಳಿದಿತ್ತು, ಮತ್ತೆ ತುಂಬಿಸಿದರು. ಬ್ಯಾಂಕಿನ ಲೆಕ್ಕದಲ್ಲಿ ಒಂದು ರೂಪಾಯಿ ಕಡಿಮೆಯಾದರೂ ಎಲ್ಲಿ ಹೋಯಿತೆಂದು ಹುಡುಕದೆ ಮನೆಗೆ ಹೊರಡದ ಮನುಷ್ಯ, ಆ ಎಣ್ಣೆ ಎಲ್ಲಿ ಹೋಯಿತೆಂದು ಕೇಳಲಿಲ್ಲ.

ಆಯುಧಪೂಜೆಯ ದಿನ ಬಂದಿತು. ಜೀಪಿಗೆ ಬಾಳೆಕಂದು, ಚೆಂಡುಹೂವಿನ ಮಾಲೆ, ಅರಿಸಿನ ಕುಂಕುಮ. ಬೂದುಗುಂಬಳವನ್ನು ನಿವಾಳಿಸಿ ಒಡೆದುದಾಯಿತು. ನಾಲ್ಕು ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣುಗಳನ್ನಿಟ್ಟು ಹರಿಸಿದ ಮೇಲೆ, ಊರಿನ ದೇವಸ್ಥಾನಕ್ಕೆ ಹೋಗಿಬರೋಣವೆಂದು ಎಲ್ಲರೂ ಹತ್ತಿದರು. ಮುಂದೆ ಅತ್ತೆಯವರು, ಹಿಂದೆ ತಾಯಿ ಮಗಳು. ದಾರಿ ಇಳಿಜಾರು. ಒಂದು ಪಕ್ಕ ಮಣ್ಣಿನ ಧರೆ, ಇನ್ನೊಂದು ಪಕ್ಕ ಕಾಫಿಯ ತಗ್ಗು. ಎರಡನೆಯ ತಿರುವಿನ ಹತ್ತಿರ ಗೃಹಸ್ಥರು ಬ್ರೇಕನ್ನು ಒತ್ತಿದರು. ಪೆಡಲು ಎದುರಾಡಲಿಲ್ಲ, ಮೆತ್ತಗೆ ನೆಲದವರೆಗೂ ಇಳಿದುಹೋಯಿತು.

ಆ ಒಂದು ಕ್ಷಣದಲ್ಲಿ ಮೂವತ್ತೈದು ಸಾವಿರದ ಬಣ್ಣ ಯಾವ ಸಹಾಯಕ್ಕೂ ಬರಲಿಲ್ಲ. ಸಹಾಯಕ್ಕೆ ಬಂದದ್ದು ಮೇಸ್ತ್ರಿಯ ಹಳೆಯ ಉಪದೇಶ: ಇಳಿಜಾರಿನಲ್ಲಿ ಗೇರನ್ನು ಎಂದೂ ಬಿಡಿಸಬೇಡಿ, ಹತ್ತುವಾಗ ಹಾಕುವ ಗೇರಿನಲ್ಲಿಯೇ ಇಳಿಯಿರಿ. ಜೀಪು ಎರಡನೆಯ ಗೇರಿನಲ್ಲಿತ್ತು. ವೇಗ ಮಿತಿ ಮೀರಿರಲಿಲ್ಲ. ಅವರು ಪೆಡಲನ್ನು ಬೇಗಬೇಗ ಎರಡು ಮೂರು ಸಲ ತುಳಿದರು. ಅರೆ ಹಿಡಿತ ಸಿಕ್ಕಿತು. ಒಂದನೆಯ ಗೇರಿಗೆ ತಳ್ಳಿದರು. ಎಂಜಿನ್ನು ನರಳಿ ಜೀಪನ್ನು ಹಿಡಿದೆಳೆಯಿತು. ಕೈ ಬ್ರೇಕನ್ನು ಎಳೆದರು; ಅದು ಎಣ್ಣೆಯನ್ನು ನಂಬಿದ್ದಲ್ಲ, ಅದರದು ಬೇರೆಯೇ ತಂತಿಯ ದಾರಿ. ಸ್ಟೀರಿಂಗನ್ನು ತಗ್ಗಿನ ಕಡೆಯಿಂದ ತಪ್ಪಿಸಿ ಧರೆಯ ಕಡೆಗೆ ತಿರುಗಿಸಿದರು. ಜೀಪು ಮಣ್ಣನ್ನು ಕೆರೆಯುತ್ತ, ಬಾಳೆಕಂದನ್ನು ಮುರಿದುಕೊಂಡು, ಧರೆಗೆ ಒರಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಬಹಳ ಹೊತ್ತು ಯಾರೂ ಮಾತನ್ನೂ ಆಡಲಿಲ್ಲ.

ಮರುದಿನ ವಿಜಯದಶಮಿಯಾದರೂ ಮೇಸ್ತ್ರಿ ಹುಡುಗನೊಬ್ಬನನ್ನು ಕರೆದುಕೊಂಡು ಬಂದರು. ಹಿಂದಿನ ಎಡಗಾಲಿಯ ಡ್ರಮ್ಮನ್ನು ಬಿಚ್ಚಿದಾಗ ಎಲ್ಲವೂ ತಿಳಿಯಿತು. ಪೆಡಲನ್ನು ಒತ್ತಿದಾಗ ಎಣ್ಣೆ ಸಣ್ಣ ಕೊಳವೆಗಳಲ್ಲಿ ಸಾಗಿ ಗಾಲಿಯೊಳಗಿನ ಪುಟ್ಟ ಸಿಲಿಂಡರನ್ನು ಮುಟ್ಟುತ್ತದೆ. ಅದು ಬ್ರೇಕಿನ ಪಟ್ಟಿಗಳನ್ನು ಹಿಗ್ಗಿಸಿ ಡ್ರಮ್ಮಿಗೆ ಒತ್ತುತ್ತದೆ. ಆ ಸಿಲಿಂಡರಿನೊಳಗೆ ಎಣ್ಣೆಯನ್ನು ತಡೆದು ನಿಲ್ಲಿಸುವುದು ಅಂಗಿಯ ಗುಂಡಿಗಿಂತ ಕೊಂಚ ದೊಡ್ಡದಾದ ರಬ್ಬರಿನ ಬಟ್ಟಲು. ಅದು ಗಟ್ಟಿಯಾಗಿ ಅಂಚು ಹರಿದಿತ್ತು. ವಾರಗಟ್ಟಲೆ ಜಿನುಗಿದ ಎಣ್ಣೆಯಲ್ಲಿ ಬ್ರೇಕಿನ ಪಟ್ಟಿ ನೆನೆದು ಜಾರುತ್ತಿತ್ತು. ಈ ಕಾಲದ ಕಾರುಗಳಲ್ಲಿ ಎಣ್ಣೆಯ ದಾರಿ ಎರಡಾಗಿ ಕವಲೊಡೆದಿರುತ್ತದೆ. ಒಂದು ಸೋರಿದರೂ ಇನ್ನೊಂದು ಕಾಪಾಡುತ್ತದೆ. ಈ ಜೀಪಿನಲ್ಲಿದ್ದುದು ಒಂದೇ ದಾರಿ. ಒಂದು ಗಾಲಿಯ ರಬ್ಬರು ಸೋತರೆ ನಾಲ್ಕು ಗಾಲಿಗಳೂ ಸೋತಂತೆ.

ಮೇಸ್ತ್ರಿ ಪಾತ್ರೆಯಲ್ಲಿದ್ದ ಹಳೆಯ ಎಣ್ಣೆಯನ್ನು ಗಾಜಿನ ಲೋಟಕ್ಕೆ ಬಸಿದು ತೋರಿಸಿದರು. ಹೊಸದರಲ್ಲಿ ತಿಳಿಯಾಗಿರುವ ಆ ದ್ರವ ಕಷಾಯದಂತೆ ಕಪ್ಪಾಗಿತ್ತು. ಬ್ರೇಕ್ ಎಣ್ಣೆಗೆ ಗಾಳಿಯೊಳಗಿನ ತೇವವನ್ನು ಹೀರಿಕೊಳ್ಳುವ ಗುಣವುಂಟು. ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಕೊರತೆ! ಸಾಮಾನ್ಯ ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಶಾಖದವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಎಣ್ಣೆಗೆ ಆ ಮಿತಿ 140ಕ್ಕೆ ಇಳಿದಿದೆ. ಉದ್ದನೆಯ ಘಟ್ಟದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತುತ್ತಲೇ ಹೋದರೆ ಒಳಗಿನ ಎಣ್ಣೆ ಕುದಿದು ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆಗಳನ್ನು ಅದುಮಿದರೆ ಗಾಲಿಗೆ ಬಲ ಮುಟ್ಟುವುದಿಲ್ಲ. ಅದಕ್ಕಾಗಿಯೇ ಸೋರದಿದ್ದರೂ ಎರಡು ವರ್ಷಕ್ಕೊಮ್ಮೆ ಆ ಎಣ್ಣೆಯನ್ನು ಪೂರ್ತಿ ಬದಲಾಯಿಸಬೇಕು. ನಾಲ್ಕೂ ಗಾಲಿಗಳ ರಬ್ಬರು, ಹಿಂದಿನ ಪಟ್ಟಿಗಳು, ಹೊಸ ಎಣ್ಣೆ, ಕೂಲಿ ಎಲ್ಲ ಸೇರಿ ಆದ ಖರ್ಚು ನಾಲ್ಕು ಸಾವಿರದ ಇನ್ನೂರು ರೂಪಾಯಿ.

ಸಂಜೆ ಮಗಳು ಕಪಾಟಿನಿಂದ ಕೆಂಪು ರಟ್ಟಿನ ಪುಸ್ತಕವನ್ನು ತೆಗೆದು ಹಾಳೆಗಳನ್ನು ತಿರುವುತ್ತಿದ್ದಳು. 2018ರ ಪುಟದಲ್ಲಿ ಅವಳ ಬೆರಳು ನಿಂತಿತು. "ಅಪ್ಪ, ಇಲ್ಲಿ ಕೇಳಿ" ಎಂದು ಓದಿದಳು. 'ಬ್ರೇಕ್ ರಬ್ಬರು ನಾಲ್ಕು ಗಾಲಿಗೂ ಹೊಸದು. ನಾಲ್ಕು ವರ್ಷಕ್ಕೊಮ್ಮೆ ಮಾಡಿಸತಕ್ಕದ್ದು. ಮುಂದಿನದು 2022, ಮಳೆಗೆ ಮೊದಲು.'

ಗೃಹಸ್ಥರು ತಲೆ ತಗ್ಗಿಸಿದರು. ಕಣ್ಣು ಮಂದವಾದ ಆ ಹಿರಿಯರು ನಾಲ್ಕು ವರ್ಷ ಮುಂಚೆಯೇ ಕಂಡಿದ್ದನ್ನು, ಕಣ್ಣು ನೆಟ್ಟಗಿದ್ದ ತಾವು ಕಾಣಲಿಲ್ಲ. ಅತ್ತೆಯವರು ಅಳಿಯನ ಮುಖವನ್ನು ನೋಡಿ ಮೆಲ್ಲನೆ ಹೇಳಿದರು: "ಪೂಜೆ ಮಾಡಿದ್ದು ತಪ್ಪಲ್ಲ. ಆದರೆ ದೇವರಿಗೂ ಮೊದಲು ಅಭಿಷೇಕ, ಆಮೇಲೆ ಅಲಂಕಾರ. ನೀವು ಅಲಂಕಾರ ಮೊದಲು ಮಾಡಿದಿರಿ, ಅಷ್ಟೆ."

ಆ ದಿನದಿಂದ ಜೀಪಿನ ಸಂಸಾರಕ್ಕೆ ಒಂದು ಪಂಚಾಂಗವೇ ಏರ್ಪಟ್ಟಿತು. ಮಳೆಗೆ ಮೊದಲು ಬ್ರೇಕುಗಳನ್ನು ಬಿಚ್ಚಿ ನೋಡುವುದು. ಸ್ಟೀರಿಂಗಿನ ಕೀಲುಗಳನ್ನು ಅಲುಗಿಸಿ ಪರೀಕ್ಷಿಸುವುದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕಮಾನುಪಟ್ಟಿಯ ಕೊಂಡಿಗಳಿಗೆ, ಪ್ರೊಪೆಲ್ಲರ್ ಶಾಫ್ಟಿನ ಸಂದುಗಳಿಗೆ ಗ್ರೀಸನ್ನು ಒತ್ತುವುದು. ಕೆಸರು ಬೆರೆತ ಹಳೆಯ ಗ್ರೀಸು ಹೊರಗೆ ಬಂದು ಹೊಸದು ಕಾಣುವವರೆಗೂ ಒತ್ತಬೇಕು. ಈ ಕೆಲಸವನ್ನು ಮಗಳು ತಾನಾಗಿ ವಹಿಸಿಕೊಂಡಳು. ಹಳ್ಳ ದಾಟಿದ ವಾರದಲ್ಲಿ ಗೇರ್ ಎಣ್ಣೆಯನ್ನು ಒಂದು ತೊಟ್ಟು ತೆಗೆದು ನೋಡುವುದು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆಯೆಂದೇ ಅರ್ಥ, ಕೂಡಲೇ ಬದಲಾಯಿಸಬೇಕು. ಮಳೆ ಮುಗಿದ ಮೇಲೆ ಚಾಸಿಯ ಮೂಲೆಗಳಲ್ಲಿ ಕೂತ ಕೆಮ್ಮಣ್ಣನ್ನು ನೀರು ಹೊಡೆದು ತೊಳೆಯುವುದು. ಒದ್ದೆ ಮಣ್ಣು ಅಂಟಿಕೊಂಡಿದ್ದಷ್ಟು ದಿನವೂ ತುಕ್ಕು ಉಣ್ಣುತ್ತಲೇ ಇರುತ್ತದೆ. ಬ್ಯಾಟರಿಯ ಕೊಂಡಿಗಳನ್ನು ಬಿಸಿನೀರಿನಿಂದ ತೊಳೆದು ವ್ಯಾಸಲೀನು ಹಚ್ಚುವುದು. ಇಲಿಗಳು ತಂತಿಯನ್ನು ಕಡಿದಿವೆಯೇ ಎಂದು ನೋಡುವುದು. ಯಾವ ಎಣ್ಣೆ ಇಳಿದರೂ ತುಂಬಿಸುವ ಮೊದಲು ಎಲ್ಲಿ ಹೋಯಿತೆಂದು ಕೇಳುವುದು.

ಖರ್ಚು ಕಡಿಮೆಯೇನಲ್ಲ. 2022ರ ಏಪ್ರಿಲಿನಿಂದ ಹದಿನೈದು ವರ್ಷ ಮೀರಿದ ಕಾರು ಜೀಪುಗಳ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 2024ರಲ್ಲಿ ಅವರು ಅದನ್ನು ಕಟ್ಟಿದರು. ಮರುವರ್ಷ ಇಪ್ಪತ್ತು ವರ್ಷ ಮೀರಿದವುಗಳಿಗೆ ಅದು ಮತ್ತೆ ಇಮ್ಮಡಿಯಾಯಿತು. ಹಳೆಯ ವಾಹನ ಅಗ್ಗವೆಂದು ತಿಳಿದು ಕೊಳ್ಳುವವರು ಈ ಲೆಕ್ಕವನ್ನು ಮೊದಲೇ ಹಾಕುವುದು ಲೇಸು. ಕೊಳ್ಳುವ ಬೆಲೆಯನ್ನು ಒಂದೇ ದಿನ ಕೊಡಬೇಕು. ಸಾಕುವ ಬೆಲೆಯನ್ನು ಪ್ರತಿ ಮಳೆಗೂ ಕೊಡಬೇಕು. ಕೈಯಲ್ಲಿರುವ ಹಣವನ್ನೆಲ್ಲ ಕೊಳ್ಳುವುದಕ್ಕೇ ಸುರಿದರೆ ಗಾಲಿಯೊಳಗಿನ ರಬ್ಬರಿಗೆ ಏನೂ ಉಳಿಯುವುದಿಲ್ಲ. ಇದ್ದಷ್ಟರಲ್ಲಿ ಮೊದಲ ಪಾಲು ಬ್ರೇಕಿಗೆ, ಎರಡನೆಯದು ಸ್ಟೀರಿಂಗಿಗೆ, ಮೂರನೆಯದು ಟೈರಿಗೆ. ಬಣ್ಣದ ಸರದಿ ಅಲ್ಲಿಂದ ಮುಂದೆ.

ಧರೆಗೆ ಉಜ್ಜಿದ ಗುರುತು ಜೀಪಿನ ಎಡಮಗ್ಗುಲಿನಲ್ಲಿ ಇನ್ನೂ ಹಾಗೆಯೇ ಇದೆ. ಅಲ್ಲಿಗೆ ಬಣ್ಣ ಹಚ್ಚಿಸುವುದು ಹತ್ತು ನಿಮಿಷದ ಕೆಲಸ, ಗೃಹಸ್ಥರು ಹಚ್ಚಿಸಿಲ್ಲ. ಪ್ರತಿ ಆಯುಧಪೂಜೆಯಲ್ಲಿಯೂ ಕುಂಕುಮದ ಮೊದಲ ಬೊಟ್ಟು ಆ ಗೀರಿನ ಮೇಲೆಯೇ ಬೀಳುತ್ತದೆ. ಕೆಂಪು ರಟ್ಟಿನ ಪುಸ್ತಕದಲ್ಲಿ ದುಂಡಗಿನ ಅಕ್ಷರಗಳು ಮುಗಿದಲ್ಲಿಂದ ಮುಂದೆ ಮಗಳ ಓರೆ ಅಕ್ಷರಗಳು ಸಾಗಿವೆ. ಅವಳು ಬರೆದ ಮೊದಲ ಸಾಲು, 2022ರ ವಿಜಯದಶಮಿಯದು, ಹೀಗಿದೆ: 'ಬ್ರೇಕ್ ರಬ್ಬರು ನಾಲ್ಕು ಗಾಲಿಗೂ ಹೊಸದು. ತಡವಾಗಿ ಮಾಡಿಸಿದ್ದು. ಮುಂದಿನದು 2026, ಮಳೆಗೆ ಮೊದಲು.'